ಕಾಕನಕೋಟೆಯ ಕಾಡು: ಅದರ ಪೂರ್ವವೃತ್ತಾಂತವೂ ಸಂರಕ್ಷಣೆಯೂ

ಅರಸುಮನೆತನಗಳಿಗೆ ಚರಿತ್ರೆಯುಂಟು, ದೇವಾಲಯಗಳಿಗೆ ಚರಿತ್ರೆಯುಂಟು. ಅರಣ್ಯಕ್ಕೆ ಮಾತ್ರ ಚರಿತ್ರೆಯಿಲ್ಲವೆಂದು ಜನರು ಸಾಮಾನ್ಯವಾಗಿ ತಿಳಿಯುತ್ತಾರೆ. ಅದು ಸೃಷ್ಟಿಕಾಲದಲ್ಲಿ ಹೇಗಿದ್ದಿತೋ ಹಾಗೆಯೇ ಇರುವುದೆಂದೂ, ಕೊಡಲಿ ಬಿದ್ದಂದು ಅಳಿಯುವುದೆಂದೂ, ಬೇಲಿ ಎದ್ದಂದು ಉಳಿಯುವುದೆಂದೂ ಅವರ ಭಾವನೆ. ಮೈಸೂರು ಜಿಲ್ಲೆಯ ಪಶ್ಚಿಮ ದಿಕ್ಕಿನ ಕಾಡುಗಳ ವೃತ್ತಾಂತವನ್ನು ಪರ್ಯಾಲೋಚಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಆ ಕಾಡು ಎರಡು ಸಾವಿರ ವರ್ಷಗಳಿಂದ ಮನುಷ್ಯನ ಕೈಯನ್ನು ಕಂಡಿದೆ. ಬೇಲಿಯು ಎದ್ದ ಮೇಲೆಯೂ ಅದರೊಳಗೆ ಬೇರೊಂದು ಬಗೆಯ ನಾಶವು ಬೇರೂರಿದೆ. ಆದಕಾರಣ ಕಾಡನ್ನು ಕಾಯುವುದೆಂದರೇನು ಎಂಬ ಪ್ರಶ್ನೆಯನ್ನು ಅದರ ಪೂರ್ವವೃತ್ತಾಂತದ ಬೆಳಕಿನಲ್ಲಿ ವಿಚಾರಿಸುವುದು ಯುಕ್ತವಾಗಿದೆ.

ಮೊದಲು ದೇಶವಿಭಾಗವನ್ನು ನೋಡಬೇಕು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಎಂಬ ನಾಲ್ಕು ಸೀಮೆಗಳು ಕೊಡಗಿನ ಮಲೆನಾಡಿಗೂ ಮೈಸೂರಿನ ಬಯಲಿಗೂ ನಡುವೆ ಮೆಟ್ಟಿಲುಗಳಂತೆ ಹಬ್ಬಿವೆ. ದಕ್ಷಿಣದಲ್ಲಿ ಕಪಿಲೆಯು ವಯನಾಡಿನಿಂದ ಇಳಿದು ಹೆಗ್ಗಡದೇವನಕೋಟೆಯ ನೆಲವನ್ನು ಸೇರುತ್ತಾಳೆ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥವು ಹುಣಸೂರನ್ನು ಹಾಯ್ದು, ಹಿಂದೆ ಎಡತೊರೆ ಎನಿಸಿಕೊಂಡಿದ್ದ ಕೃಷ್ಣರಾಜನಗರದ ಕಡೆಗೆ ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯೊಡನೆ ಕೂಡುತ್ತದೆ. ಹೆಗ್ಗಡದೇವನಕೋಟೆಯಲ್ಲಿ ಕಾಡೇ ನಾಡು. ಹುಣಸೂರಿನಲ್ಲಿ ಕಾಡಿಗೂ ಹೊಲಕ್ಕೂ ಒಂದೇ ಬದು. ಪಿರಿಯಾಪಟ್ಟಣದಲ್ಲಿ ಕಾಡು ತುಂಡುತುಂಡಾಗಿ ಉಳಿದಿದೆ. ಕೃಷ್ಣರಾಜನಗರದಲ್ಲಿ ಕಾಡಿಲ್ಲ, ಭತ್ತದ ಗದ್ದೆಯುಂಟು. ಆದರೆ ಆ ಗದ್ದೆಗೆ ಬರುವ ನೀರು ಮೇಲಿನ ಕಾಡುಗಳ ನೆರಳಿನಲ್ಲಿ ಸೋಸಿ ಬಂದದ್ದು. ಹೀಗೆ ಕಾಡನ್ನು ಎಂದೂ ಕಾಣದ ರೈತನೂ ಆ ಕಾಡಿನ ಋಣದಲ್ಲಿಯೇ ಇದ್ದಾನೆ.

ಈ ನೆಲವು ಚರಿತ್ರೆಗೆ ಹೊಸದಲ್ಲ. ಗ್ರೀಕ್ ಭೂಗೋಳಜ್ಞ ಟಾಲೆಮಿಯು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರತ್ನಶಿಲೆ ದೊರೆಯುವ ಸ್ಥಳವೆಂದು ಉಲ್ಲೇಖಿಸಿರುವ ಪೌನ್ನಾಟವು ನಮ್ಮ ಪುನ್ನಾಟವೇ ಎಂದು ವಿದ್ವಾಂಸರು ಒಪ್ಪಿದ್ದಾರೆ. ಆ ಪುನ್ನಾಟದ ರಾಜಧಾನಿಯಾದ ಕೀರ್ತಿಪುರವನ್ನು ಹೆಗ್ಗಡದೇವನಕೋಟೆ ಸೀಮೆಯ, ಕಪಿಲಾತೀರದ ಕಿತ್ತೂರೆಂದು ಗುರುತಿಸಿದ್ದಾರೆ. ಪುನ್ನಾಟವು ಗಂಗರಾಜ್ಯದಲ್ಲಿ ಲೀನವಾಯಿತು. ಗಂಗರಿಗೆ ಆನೆಯೇ ಲಾಂಛನ. ಶ್ರೀಪುರುಷನು ಗಜಶಾಸ್ತ್ರವನ್ನು ರಚಿಸಿದನೆಂದೂ, ಶಿವಮಾರನು ಗಜಾಷ್ಟಕವನ್ನು ರಚಿಸಿದನೆಂದೂ ಪ್ರಸಿದ್ಧಿಯುಂಟು. ಆನೆಯ ವಿಷಯದಲ್ಲಿ ಇಷ್ಟು ಪರಿಜ್ಞಾನವು ಬೆಳೆಯಬೇಕಾದರೆ ಆನೆಯ ಕಾಡು ಸಮೀಪದಲ್ಲಿ ಇದ್ದಿರಲೇಬೇಕು.

ಕಾಡನ್ನು ಕಾಯಬೇಕೆಂಬ ವಿಧಿಯೂ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯದ ಅಂಚಿನಲ್ಲಿ ನಾಗವನವನ್ನು, ಎಂದರೆ ಆನೆಗಳ ಕಾಡನ್ನು, ಸ್ಥಾಪಿಸಿ ಅದಕ್ಕೆ ಅಧ್ಯಕ್ಷನನ್ನು ನೇಮಿಸಬೇಕೆಂದೂ, ಆನೆಯನ್ನು ಕೊಂದವನಿಗೆ ಮರಣದಂಡನೆಯೆಂದೂ ಹೇಳುತ್ತದೆ. ಅದೇ ಪ್ರಕರಣದಲ್ಲಿ ಮತ್ತೊಂದು ಮಾತುಂಟು. ಅದನ್ನು ಅನೇಕರು ಗಮನಿಸುವುದಿಲ್ಲ. ನಾಗವನದ ಪಾಲಕರು ಮಾವುತರನ್ನೂ, ಗಡಿಯವರನ್ನೂ, ವನಚರರನ್ನೂ ಜೊತೆಗೂಡಿಸಿಕೊಂಡು, ಹೆಜ್ಜೆ, ಲದ್ದಿ, ಮಲಗಿದ ಜಾಗ, ದಡ ಕುಸಿದ ಗುರುತು ಇವುಗಳಿಂದ ಆನೆಗಳ ಲೆಕ್ಕವನ್ನು ತಿಳಿಯಬೇಕೆಂದು ಅಲ್ಲಿ ವಿಧಿಸಿದೆ. ಕಾಡನ್ನು ಕಾಯುವ ಅಧಿಕಾರಿಗೆ ಕಾಡಿನಲ್ಲಿ ನಡೆದಾಡುವವನ ಸಹಾಯವಿಲ್ಲದೆ ಗತಿಯಿಲ್ಲವೆಂಬುದನ್ನು ಆ ಶಾಸ್ತ್ರಕಾರನು ಅಂದೇ ಕಂಡುಕೊಂಡಿದ್ದನು.

ಇನ್ನು ಖೆಡ್ಡಾದ ವೃತ್ತಾಂತ. ಮೈಸೂರು ಸೀಮೆಯ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯಲು ಹೈದರಾಲಿಯು ಯತ್ನಿಸಿ ಸೋತನೆಂದೂ, ಮುಂದೆ ಯತ್ನಿಸುವವರಿಗೆ ಶಾಪವನ್ನು ಕಲ್ಲಿನಲ್ಲಿ ಬರೆಯಿಸಿದನೆಂದೂ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು 1878ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಆ ಶಾಪವನ್ನು ಲೆಕ್ಕಿಸದೆ ಅವನು 1874ರಲ್ಲಿ ಚಾಮರಾಜನಗರದ ಕಡೆ ಮೊದಲ ಖೆಡ್ಡಾವನ್ನು ಜಯಪ್ರದವಾಗಿ ನಡೆಸಿದನು. ಅನಂತರ ಈ ಕಾರ್ಯಕ್ಕೆ ಕಪಿಲೆಯ ದಡದ ಕಾಕನಕೋಟೆಯು ಲೋಕಪ್ರಸಿದ್ಧವಾಯಿತು. ಹಿಂಡನ್ನು ಹಲವು ದಿನ ಸುತ್ತುಗಟ್ಟಿ, ತಮಟೆ ಬೆಂಕಿಗಳಿಂದ ಬೆದರಿಸಿ ಹೊಳೆಗೆ ಇಳಿಸಿ, ಎದುರುದಡದಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ನುಗ್ಗಿಸುವುದು ಅಲ್ಲಿನ ಕ್ರಮ. ರಾಜಪ್ರತಿನಿಧಿಗಳೂ ವಿದೇಶದ ಅತಿಥಿಗಳೂ ಅಟ್ಟಣೆಯ ಮೇಲೆ ಕುಳಿತು ನೋಡಿದರು. ಆನೆಯ ಜಾಡನ್ನು ಹಿಡಿದು ಹಿಂಡನ್ನು ತಂದವರು ಅಟ್ಟಣೆಯ ಮೇಲಿರಲಿಲ್ಲ; ಅವರು ಕಾಡಿನ ಹಾಡಿಗಳ ಕುರುಬರು. ಆ ಜನರ ಬಾಳನ್ನು ವಸ್ತುವನ್ನಾಗಿ ಮಾಡಿಕೊಂಡು ಮಾಸ್ತಿಯವರು 1938ರಲ್ಲಿ 'ಕಾಕನಕೋಟೆ' ನಾಟಕವನ್ನು ಬರೆದದ್ದು ವಾಚಕರಿಗೆ ವಿದಿತವೇ ಆಗಿದೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಆನೆಯಾದ ಬಳಿಕ ಮರ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ದಂಡಿನ ಸರಬರಾಜಿಗೆ ಮುಖ್ಯ ಸ್ಥಳವಾಗಿದ್ದಿತು. ಅಮೃತಮಹಲ್ ದನಗಳ ಇಲಾಖೆಯೊಂದಿಗೆ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೊಠಾರು ಎಲ್ಲವೂ ಅಲ್ಲಿ ನಡೆದವು. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆಯು ಏರ್ಪಟ್ಟಿತು. 1900ರಲ್ಲಿ ಅರಣ್ಯದ ಕಾನೂನೂ, 1901ರಲ್ಲಿ ಬೇಟೆ ಮೀನುಗಳ ಸಂರಕ್ಷಣೆಯ ಕಾನೂನೂ ಜಾರಿಗೆ ಬಂದವು. ಇವುಗಳಿಂದ ಕಾಡು ಮನಬಂದವರ ಕೊಡಲಿಯಿಂದ ತಪ್ಪಿತೆಂಬುದು ನಿಜ. ಆದರೆ ಆಗಿನ ಸಂರಕ್ಷಣೆಯ ಅರ್ಥವು ಬೇರೆ. ಮರವನ್ನು ಸರ್ಕಾರದ ಬೊಕ್ಕಸಕ್ಕಾಗಿ, ಮೃಗವನ್ನು ಅರಮನೆಯ ಬೇಟೆಗಾಗಿ ಕಾಯ್ದರು. ಮತ್ತಿ, ಹೊನ್ನೆ, ಬೀಟೆ, ನಂದಿ, ಬಿದಿರುಗಳು ಕೂಡಿ ಬೆಳೆದಿದ್ದ ಕಾಡನ್ನು ಸವರಿ ಅನೇಕ ಕಡೆ ತೇಗವೊಂದನ್ನೇ ಸಾಲುಹಿಡಿದು ನೆಟ್ಟರು. ಇಂದು ನಾಗರಹೊಳೆಯ ಒಳಗೆ ಹೋದವನು ಸ್ವಾಭಾವಿಕವಾದ ಕಾಡೆಂದು ಬಗೆಯುವ ಎಷ್ಟೋ ಭಾಗಗಳು ಹೀಗೆ ನೆಟ್ಟ ತೋಪುಗಳು.

ಸ್ವಾತಂತ್ರ್ಯ ಬಂದ ಮೇಲೆ ನೆಲದ ಹಾಗೂ ನೀರಿನ ಹಸಿವು ಹೆಚ್ಚಿತು. ಆ ಹಸಿವನ್ನು ಅಧರ್ಮವೆನ್ನಲಾಗದು. 1961ರಲ್ಲಿ ದೇಶಭ್ರಷ್ಟರಾದ ಟಿಬೆಟ್ಟಿನ ಜನರಿಗೆ ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಕಾಡುನೆಲವನ್ನು ಬಿಡಿಸಿಕೊಡಲಾಯಿತು; ಅವರು ಅದನ್ನು ಸವರಿ ಹೊಲಮಾಡಿ ಬಾಳಿದರು. ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ಮರಳುಮಣ್ಣಿನಲ್ಲಿ ವರ್ಜೀನಿಯಾ ಹೊಗೆಸೊಪ್ಪು ಹಬ್ಬಿತು. ಅದರ ಎಲೆಯನ್ನು ಹದಗೊಳಿಸುವ ಬ್ಯಾರನ್ನುಗಳ ಒಲೆಗೆ ಸೌದೆ ಬೇಕಾಯಿತು. ಕಪಿಲೆಗೆ ಅಣೆಕಟ್ಟನ್ನು ಕಟ್ಟಿ 1974ರಲ್ಲಿ ಕೆಲಸವು ಪೂರೈಸಿದಾಗ ನದೀತೀರದ ಅತ್ಯಂತ ಫಲವತ್ತಾದ ಕಾಡೂ, ಹಳೆಯ ಖೆಡ್ಡಾದ ಬಯಲೂ ನೀರಿನ ಪಾಲಾದವು. ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಬೇಸಗೆಯಲ್ಲಿ ಹಿನ್ನೀರು ಹಿಂದೆಗೆದಾಗ ತೆರೆಯುವ ಕೆಸರುನೆಲದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಸುತ್ತಣ ಕಾಡುಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಮುಳುಗಿದ ಕಾಡಿನ ಮೇಲೆಯೇ ಇಂದು ಏಷ್ಯಾಖಂಡದ ಅತಿ ದೊಡ್ಡ ಆನೆಕೂಟಗಳಲ್ಲಿ ಒಂದು ನೆರೆಯುತ್ತದೆ. ಕಾಡು ಮನುಷ್ಯನ ಕೃತ್ಯಕ್ಕೆ ಸುಮ್ಮನೆ ಬಲಿಯಾಗದೆ, ಅದನ್ನೂ ಒಳಗೊಂಡು ಹೊಸ ರೂಪವನ್ನು ತಾಳುತ್ತದೆಂಬುದಕ್ಕೆ ಇದು ನಿದರ್ಶನ.

ಇಂತಹ ಕಾಲದಲ್ಲಿಯೇ ಸಂರಕ್ಷಣೆಯ ಹೊಸ ಅರ್ಥವೂ ಹುಟ್ಟಿತು. 1955ರಲ್ಲಿ ಕೊಡಗಿನ ಭಾಗದಲ್ಲಿ ನಾಗರಹೊಳೆ ಅಭಯಾರಣ್ಯವು ಸ್ಥಾಪಿತವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಮೈಸೂರು ಜಿಲ್ಲೆಯ ಕಾಡುಗಳನ್ನೂ ಕೂಡಿಸಿ, 1980ರ ದಶಕದಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು; ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರು. ಮುಂದೆ ಅದು ಹುಲಿಯ ಸಂರಕ್ಷಿತ ಪ್ರದೇಶವೂ ಆಯಿತು. ಕಾನೂನು ಕಾಗದದಲ್ಲಿದ್ದರೆ ಸಾಲದು, ಕಾಯುವ ಕಾಲುಗಳು ಬೇಕು. ದಿವಂಗತ ಕೆ. ಎಂ. ಚಿಣ್ಣಪ್ಪನವರಂತಹ ವಲಯಾಧಿಕಾರಿಗಳೂ, ಹೆಸರು ಉಳಿಯದ ನೂರಾರು ಕಾವಲುಗಾರರೂ ಬೇಟೆಗಾರರ ಬಂದೂಕಿಗೆ ಎದೆಯೊಡ್ಡಿದರು. ಡಾ. ಉಲ್ಲಾಸ ಕಾರಂತರು 1986ರಿಂದ ಇಲ್ಲಿ ಅಧ್ಯಯನಕ್ಕೆ ತೊಡಗಿ, ಮೈಪಟ್ಟೆಗಳ ಚಿತ್ರದಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ವಿಧಾನವನ್ನು ಬೆಳೆಸಿದರು. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141 ಹುಲಿಗಳೆಂದು ಅಂದಾಜಾಯಿತು. ಹುಲಿಯಿಲ್ಲದ ಕಾಡನ್ನು ಜನರು ಕಡಿಯುತ್ತಾರೆ, ಕಾಡಿಲ್ಲದ ಹುಲಿಯನ್ನು ಜನರು ಕೊಲ್ಲುತ್ತಾರೆ ಎಂಬ ಮಹಾಭಾರತದ ಉದ್ಯೋಗಪರ್ವದ ಅಭಿಪ್ರಾಯವು ಇಲ್ಲಿ ಸಫಲವಾಗಿದೆ.

ಅಭಿವೃದ್ಧಿಯ ಹೆಸರಿನ ಆಕ್ರಮಣಗಳನ್ನು ತಡೆದ ಕೀರ್ತಿಯನ್ನು ಹಂಚುವಾಗ ಒಂದು ಸಂಗತಿಯನ್ನು ಮರೆಯಬಾರದು. 1990ರ ದಶಕದ ನಡುವಿನಲ್ಲಿ ಉದ್ಯಾನದ ಒಳಗಣ ಮೂರ್ಕಲ್ಲಿನಲ್ಲಿ ದೊಡ್ಡ ಹೋಟೆಲು ಸಂಸ್ಥೆಯೊಂದಕ್ಕೆ ವಿಲಾಸಗೃಹವನ್ನು ನಡೆಸಲು ಸರ್ಕಾರವು ಗುತ್ತಿಗೆಯನ್ನು ಕೊಟ್ಟಿತು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಹೀಗೆ ಕೊಟ್ಟದ್ದು ಕಾನೂನಿಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯವು 1997ರಲ್ಲಿ ತೀರ್ಮಾನಿಸಿತು. ನ್ಯಾಯಾಲಯಕ್ಕೆ ಹೋದವರು ಪಟ್ಟಣದ ಶ್ರೀಮಂತರಲ್ಲ; ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯವರು. ಮೈಸೂರಿನಿಂದ ಮಾನಂದವಾಡಿಗೆ ಕಾಡಿನ ನಡುವೆ ಹೋಗುವ ಹಾದಿಯಲ್ಲಿ 2008ರಲ್ಲಿ ರಾತ್ರಿಯ ವಾಹನಸಂಚಾರವನ್ನು ಮುಚ್ಚಿದ್ದೂ ಇಂಥದೇ ಒಂದು ಗೆಲವು.

ಆದರೆ ಇದೇ ಅವಧಿಯಲ್ಲಿ ಆ ಬುಡಕಟ್ಟಿನ ಜನರೇ ಕಾಡಿನಿಂದ ಹೊರಗಾದರು. ಅಣೆಕಟ್ಟಿಗೂ ಅಭಯಾರಣ್ಯಕ್ಕೂ ಎಡೆಕೊಟ್ಟು ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಪಂಗಡಗಳ ಕುಟುಂಬಗಳು 1970ರ ದಶಕದಿಂದ ಮೊದಲ್ಗೊಂಡು ತಮ್ಮ ಹಾಡಿಗಳನ್ನು ಬಿಟ್ಟವು. ಕೆಲವರಿಗೆ 1999ರ ಬಳಿಕ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ, ಭೂಮಿ ದೊರೆತವು. ಅನೇಕರು ಕೊಡಗಿನ ಕಾಫಿತೋಟಗಳಲ್ಲಿ ಕೂಲಿಯಾಳುಗಳಾದರು. ಉಚ್ಚ ನ್ಯಾಯಾಲಯದ ಅಪ್ಪಣೆಯಂತೆ ವಿಚಾರಣೆ ನಡೆಸಿದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿಯು 2014ರಲ್ಲಿ ವರದಿಯನ್ನು ಒಪ್ಪಿಸಿ, ನೆಲೆತಪ್ಪಿದ ಕುಟುಂಬಗಳು 3,418 ಎಂದು ಎಣಿಸಿತು. ಕಾಡಿನವರ ಹಕ್ಕನ್ನು ಮನ್ನಿಸುವ ಕಾನೂನು 2006ರಲ್ಲಿಯೇ ಬಂದಿದ್ದರೂ ಅರ್ಜಿಗಳ ವ್ಯವಹಾರ ಮುಗಿಯಲಿಲ್ಲ. 2025ರ ಮೇ ತಿಂಗಳಿನಲ್ಲಿ ಜೇನುಕುರುಬರ ಕೆಲವು ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿನಲ್ಲಿ ಹಿಂದಿನ ತಮ್ಮ ನೆಲಕ್ಕೆ ಮರಳಿ ಗುಡಿಸಲು ಹೂಡಿದಾಗ ಈ ವ್ಯಾಜ್ಯವು ಮತ್ತೆ ಎಲ್ಲರ ಕಣ್ಣಿಗೂ ಬಿದ್ದಿತು.

ಹೀಗೆ ಮನುಷ್ಯನು ಹೊರಗಾದ ಕಾಡಿನಲ್ಲಿ ಬೇರೊಬ್ಬ ಒತ್ತುವರಿದಾರನು ಬೇರುಬಿಟ್ಟನು. ಅವನಿಗೆ ಗಡಿಕಲ್ಲೂ ಕಾನೂನೂ ತಿಳಿಯವು. ಅಮೆರಿಕಾ ಖಂಡದ ಉಷ್ಣಪ್ರದೇಶದಿಂದ ಹೊರಟು, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲಕತ್ತೆಯ ಸಸ್ಯೋದ್ಯಾನವನ್ನು ಅಲಂಕಾರದ ಗಿಡವಾಗಿ ಸೇರಿದ ಲಂಟಾನವೇ ಅದು. ಬಣ್ಣಬಣ್ಣದ ಹೂವಿಗೆ ಮರುಳಾಗಿ ಬಂಗಲೆಗಳ ಬೇಲಿಗೆ ಅದನ್ನು ನೆಟ್ಟರು. ಪಿಕಳಾರ ಮೊದಲಾದ ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿನಲ್ಲಿ ಬಿತ್ತಿದವು. ಅದರ ಎಲೆಯನ್ನು ದನವಾಗಲಿ ಜಿಂಕೆಯಾಗಲಿ ಇಚ್ಛಿಸಿ ಮೇಯುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದರ ನೆರಳಿನಲ್ಲಿ ಹುಲ್ಲೂ ಮರದ ಸಸಿಯೂ ಏಳಲಾರವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅದನ್ನು ತಿನ್ನುವ ಕೀಟಗಳನ್ನು ಪರದೇಶದಿಂದ ತರಿಸಿ ಬಿಟ್ಟರು, ಗಿಡವು ಸೋಲಲಿಲ್ಲ. ಅದರ ಬೆನ್ನಿಗೆ, ಗಾಳಿಯಲ್ಲಿ ಬೀಜ ತೂರುವ, ಜನರು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಯುಪಟೋರಿಯಂ ಬಂದಿತು. ಈಚೆಗೆ ವಯನಾಡಿನ ಕಡೆಯಿಂದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರವೂ ಗಡಿಯನ್ನು ದಾಟಿದೆ. ಅದನ್ನೂ ನೆರಳಿಗೆಂದೂ ಅಂದಕ್ಕೆಂದೂ ನೆಟ್ಟವರು ಮನುಷ್ಯರೇ.

ಕಳೆಗೆ ಈ ಕಾಡಿನಲ್ಲಿ ಇಷ್ಟು ಎಡೆ ದೊರೆತದ್ದೇಕೆ? ಇದಕ್ಕೆ ಉತ್ತರವು ಹಿಂದೆ ಹೇಳಿದ ಚರಿತ್ರೆಯಲ್ಲಿಯೇ ಅಡಗಿದೆ. ಕೂಡುಕಾಡನ್ನು ಸವರಿ ನೆಟ್ಟ ತೇಗವು ಬೇಸಗೆಯಲ್ಲಿ ಎಲೆಯುದುರಿಸಿ ನೆಲಕ್ಕೆ ಬಿಸಿಲನ್ನು ಬಿಡುತ್ತದೆ. ಲಂಟಾನಕ್ಕೆ ಬೇಕಾದದ್ದು ಆ ಬಿಸಿಲೇ. ಬಿದಿರು ಕೆಲವು ದಶಕಗಳಿಗೊಮ್ಮೆ ಹೂಬಿಟ್ಟು ಸಾಮೂಹಿಕವಾಗಿ ಸಾಯುವ ಜಾತಿ. ಈ ಶತಮಾನದಲ್ಲಿ ಇಲ್ಲಿನ ಬಿದಿರು ಹಾಗೆ ಸತ್ತಾಗ ಬರಿದಾದ ಎಡೆಗಳಿಗೆ ಕಳೆಯು ನುಗ್ಗಿತು. ಮೂರನೆಯ ಕಾರಣವನ್ನು ಕಾಡಿನವರು ಹೇಳುತ್ತಾರೆ. ಹಿಂದೆ ಅವರು ವರ್ಷದ ಆದಿಯಲ್ಲಿಯೇ, ತರಗು ತೆಳ್ಳಗಿರುವಾಗ, ನೆಲದ ಮಟ್ಟದಲ್ಲಿ ಕಿರುಬೆಂಕಿಯನ್ನು ಹರಿಯಬಿಡುತ್ತಿದ್ದರು. ಅದರಿಂದ ಕಳೆಯ ಎಳೆಸಸಿ ಸಾಯುತ್ತಿದ್ದಿತು, ಹೊಸ ಹುಲ್ಲು ಬರುತ್ತಿದ್ದಿತು, ದೊಡ್ಡ ಮರಕ್ಕೆ ಹಾನಿಯಿರುತ್ತಿರಲಿಲ್ಲ. ಕಾನೂನು ಬೆಂಕಿಯೆಲ್ಲವನ್ನೂ ಒಂದೇ ಅಪರಾಧವೆಂದು ನಿಷೇಧಿಸಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇದೇ ಮಾತನ್ನು ಹೇಳುತ್ತಾರೆ. ಅಲ್ಲಿನ ಸಂಶೋಧಕರು ಅದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ; ಬೆಂಕಿ ಬಿದ್ದ ನೆಲದಲ್ಲಿಯೇ ಲಂಟಾನವು ಮೊದಲು ಚಿಗುರುವುದೆಂದು ಅವರ ವಾದ. ಕಳೆಯು ಈಗಾಗಲೇ ಆಳುದ್ದ ಬೆಳೆದಿರುವಲ್ಲಿ ಬೆಂಕಿಯು ಅದನ್ನೇ ಏಣಿಯಾಗಿ ಮಾಡಿಕೊಂಡು ಮರದ ತಲೆಗೆ ಏರುವುದೂ ಸತ್ಯ. ಆದಕಾರಣ ಇಂದು ಕಡ್ಡಿಗೀರುವುದು ಪರಿಹಾರವಲ್ಲ. ಆದರೆ ಕಾಡನ್ನು ದಿನದಿನವೂ ನೋಡಿ ತಿದ್ದುತ್ತಿದ್ದ ಕೈಗಳು ಅಲ್ಲಿಂದ ಹೋದವೆಂಬ ಮಾತಿನಲ್ಲಿ ಎರಡು ಪಕ್ಷಗಳಿಲ್ಲ.

ಇದರ ಫಲವನ್ನು ಕಾಡಂಚಿನ ರೈತನು ಉಣ್ಣುತ್ತಿದ್ದಾನೆ. ಹುಲ್ಲಿನ ಹಡ್ಲುಗಳು ಕಿರಿದಾದಷ್ಟೂ ಕಾಟಿ, ಕಡವೆ, ಆನೆಗಳಿಗೆ ಮೇವು ಕಡಿಮೆ; ಕಾಡಿನಾಚೆ ರಾಗಿ, ಮುಸುಕಿನ ಜೋಳಗಳ ಪೈರು ಸಮೃದ್ಧ. ಕಂದಕ, ಸೌರಬೇಲಿಗಳಾದ ಮೇಲೆ ಹಳೆಯ ರೈಲುಕಂಬಿಗಳ ಬೇಲಿಯನ್ನೂ ನಿಲ್ಲಿಸಿದ್ದಾರೆ. 2018ರ ಡಿಸೆಂಬರಿನಲ್ಲಿ ಹುಣಸೂರಿನ ವೀರನಹೊಸಹಳ್ಳಿಯ ಬಳಿ ಆ ಬೇಲಿಯನ್ನು ದಾಟಹೋದ ಆನೆಯೊಂದು ಸಿಕ್ಕಿಕೊಂಡು ಸತ್ತಿತು. ದಸರೆಯ ಗಜಪಯಣವು ಹೊರಡುವುದೂ ಆ ವೀರನಹೊಸಹಳ್ಳಿಯಿಂದಲೇ. 2025ರ ಶರತ್ಕಾಲದಲ್ಲಿ ಹೆಗ್ಗಡದೇವನಕೋಟೆ, ಸರಗೂರುಗಳ ಕಡೆ ಹುಲಿಯ ಬಾಯಿಗೆ ಮನುಷ್ಯರು ಬಿದ್ದಾಗ, ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರಗಳ ವಿಹಾರದ ಸಂಚಾರವನ್ನೇ ನಿಲ್ಲಿಸಲು ಸರ್ಕಾರವು ಅಪ್ಪಣೆಮಾಡಬೇಕಾಯಿತು. ಇವೆಲ್ಲಕ್ಕೂ ಕಳೆಯೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ಆದರೆ ಒಳಗೆ ಮೇವಿಲ್ಲದ ಕೊಟ್ಟಿಗೆಗೆ ಹೊರಗೆ ಎಷ್ಟು ಬೀಗ ಹಾಕಿದರೂ ದನವು ನಿಲ್ಲುವುದಿಲ್ಲವೆಂಬುದು ರೈತನಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಪರಿಹಾರದ ದಾರಿಯೂ ಇಲ್ಲದೆ ಇಲ್ಲ. ಲಂಟಾನವನ್ನು ಮೇಲಿನಿಂದ ಸವರದೆ, ಮಣ್ಣಿನೊಳಗೆ ಬೇರಿನ ಗಡ್ಡೆಯ ಬಳಿ ಕತ್ತರಿಸಿ, ಎತ್ತಿ ತಲೆಕೆಳಗಾಗಿ ಇಟ್ಟು ಒಣಗಿಸಿದರೆ ಮತ್ತೆ ಚಿಗುರುವುದಿಲ್ಲವೆಂದು ಕಂಡುಕೊಂಡಿದ್ದಾರೆ. ಕಿತ್ತ ನೆಲವನ್ನು ಬರಿದೆ ಬಿಡದೆ ಆ ಸ್ಥಳದ ಹುಲ್ಲನ್ನೇ ಬೆಳೆಸಬೇಕು. ಬೀಜವು ಮಣ್ಣಿನಲ್ಲಿ ಉಳಿದಿರುವುದರಿಂದ ಮುಂದಿನ ಮಳೆಗಳಲ್ಲಿಯೂ ತಪ್ಪದೆ ಕೀಳಬೇಕು. ಮಲೆಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜುಗಳನ್ನು ಹೆಣೆದು ಜೀವನೋಪಾಯವನ್ನು ಮಾಡಿಕೊಂಡಿದ್ದಾರೆ. ಇದು ಯಂತ್ರದಿಂದ ಒಂದು ವರ್ಷದಲ್ಲಿ ಮುಗಿಸುವ ಗುತ್ತಿಗೆಯ ಕೆಲಸವಲ್ಲ; ಹುಲ್ಲಿಗೂ ಕಳೆಗೂ ಭೇದವನ್ನು ಬಲ್ಲ ಕೈಗಳು ವರ್ಷವರ್ಷವೂ ಮಾಡತಕ್ಕ ಕೃಷಿ. ಅಂತಹ ಕೈಗಳು ಯಾರವೆಂದು ಹುಡುಕುತ್ತ ದೂರ ಹೋಗಬೇಕಾಗಿಲ್ಲ.

ಕಾಡನ್ನು ಬರಿದಾಗಿ ತೆರೆದುಬಿಟ್ಟರೆ ಹೊಗೆಸೊಪ್ಪಿನ ಒಲೆಯೂ ವಿಲಾಸಗೃಹವೂ ಹೆದ್ದಾರಿಯೂ ಅದನ್ನು ನುಂಗುವುವು. ಕಟ್ಟುನಿಟ್ಟಾದ ಕಾವಲಿಲ್ಲದಿದ್ದರೆ 141 ಹುಲಿಗಳು ಇರುತ್ತಿರಲಿಲ್ಲ. ಇದನ್ನು ಮರೆತು ಕಾವಲನ್ನು ನಿಂದಿಸುವವರು ಕಾಡಿನ ಹಿತೈಷಿಗಳಲ್ಲ. ಬೇಲಿಯೊಂದರಿಂದಲೇ ಎಲ್ಲವೂ ಸಿದ್ಧಿಸಿತೆಂದು ತೃಪ್ತರಾದವರಿಗೂ ಲಂಟಾನವೇ ಉತ್ತರವನ್ನು ಹೇಳುತ್ತಿದೆ. ಆನೆಯನ್ನು ಹಿಡಿಯಲು, ಮರವನ್ನು ಇಳಿಸಲು, ವಿಲಾಸಗೃಹವನ್ನು ತಡೆಯಲು ಯಾರ ತಿಳಿವಳಿಕೆಯೂ ದೇಹಶ್ರಮವೂ ಈ ನಾಡಿಗೆ ಬೇಕಾದವೋ, ಅವರನ್ನು ಕಾಡಿನ ಪಾಲನೆಗೆ ಮಾತ್ರ ಬೇಡವೆಂದದ್ದು ವಿವೇಕವಲ್ಲ. ಪಾಲನೆಗೆ ಎರಡು ಅಂಗಗಳುಂಟು: ಹೊರಗಿನವರನ್ನು ತಡೆಯುವುದು ಒಂದು, ಒಳಗಿನದನ್ನು ಸಾಕುವುದು ಮತ್ತೊಂದು. ಮೊದಲನೆಯದನ್ನು ಈ ನಾಡು ಅರ್ಧ ಶತಮಾನದಲ್ಲಿ ಕಷ್ಟಪಟ್ಟು ಕಲಿತಿದೆ. ಎರಡನೆಯದನ್ನು ಬಲ್ಲವರ ಹಿರಿಯ ತಲೆಮಾರು ನಾಗಾಪುರದ ಮನೆಗಳಲ್ಲಿಯೂ ಕೊಡಗಿನ ತೋಟದ ಸಾಲುಗಳಲ್ಲಿಯೂ ಸವೆಯುತ್ತಿದೆ. ಅವರ ಮೊಮ್ಮಕ್ಕಳಿಗೆ ಗಿಡದ ಹೆಸರುಗಳು ಮರೆಯುವುದರೊಳಗೆ ಅವರನ್ನು ಗೌರವದಿಂದ ಕರೆದು ಈ ಕೆಲಸಕ್ಕೆ ಕೂಡಿಸಿಕೊಳ್ಳುವುದು ಕಾಡನ್ನು ಆಳುವವರಿಗೆ ಕರ್ತವ್ಯವಾಗಿದೆ.